ನಿವೃತ್ತಿ: ಯಾರಿಗುಂಟು ಯಾರಿಗಿಲ್ಲ

ಬೆಂಗಳೂರಿನ ಮಹಾಲಕ್ಷ್ಮಿ ಲೇಔಟಿನ ಪಾರ್ಕುಗಳಲ್ಲಿ ಈ ದೇಶ ದಿನಕ್ಕೆರಡು ಸಲ ಹಾಳಾಗುತ್ತದೆ. ಬೆಳಿಗ್ಗೆ ಆರೂವರೆಗೆ ಒಮ್ಮೆ, ಸಂಜೆ ಐದಕ್ಕೆ ಇನ್ನೊಮ್ಮೆ. ಹಾಳು ಮಾಡಿದವರು ಯಾರು ಎಂಬ ಪಟ್ಟಿಯೂ ಅಲ್ಲೇ ಸಿದ್ಧವಿರುತ್ತದೆ. ಮೀಸಲಾತಿಯವರು, ಸ್ಲಮ್ಮಿನವರು, ಬಿಟ್ಟಿ ಬಸ್ಸು ಹತ್ತುವ ಹೆಂಗಸರು, ಮುಸಲ್ಮಾನರು, ಮುಷ್ಕರ ಹೂಡುವವರು. ಪಟ್ಟಿ ಓದುವವರು ನಿವೃತ್ತರು. ಪಿಂಚಣಿ ಬ್ಯಾಂಕಿಗೆ ಬಿದ್ದಿರುತ್ತದೆ, ಸಕ್ಕರೆ ಕಾಯಿಲೆಯ ನಡಿಗೆ ಮುಗಿದಿರುತ್ತದೆ, ದೇವರ ಪಟದ ಜೊತೆ ವಾಟ್ಸಾಪಿಗೆ ಬಂದ ಇತಿಹಾಸ ಪಾಠವೂ ಮುಗಿದಿರುತ್ತದೆ. ಇನ್ನು ಉಳಿದಿರುವುದು ದೇಶ ಒಂದೇ.

ನಾನು ಆ ಬೆಂಚಿನಲ್ಲಿ ಕೂರುವವನಲ್ಲ. ಕಾಂಪೌಂಡಿನ ಆಚೆ ನಿಂತು ವರ್ಷಗಟ್ಟಲೆ ಕೇಳಿಸಿಕೊಂಡವನು. ನಮ್ಮವ್ವ ಈ ಬಡಾವಣೆಯ ಅಡ್ಡರಸ್ತೆಗಳನ್ನು ಇಪ್ಪತ್ತೆರಡು ವರ್ಷ ಗುಡಿಸಿದಳು. ಹುಡುಗನಾಗಿದ್ದಾಗ ಅವಳಿಗೆ ತಿಂಡಿ ಡಬ್ಬಿ ತರುತ್ತಿದ್ದೆ. ಅವಳು ಪೊರಕೆ ಒರಗಿಸಿ ಮೋರಿ ಕಟ್ಟೆಯ ಮೇಲೆ ಕೂತು ತಿನ್ನುವಷ್ಟರಲ್ಲಿ ಯಜಮಾನರು ಪಾಕಿಸ್ತಾನವನ್ನು ಎರಡು ಸಲ ಗೆದ್ದಿರುತ್ತಿದ್ದರು. ಈ ಹಿರಿಯರನ್ನು ಗೇಲಿ ಮಾಡಿ ಕೈತೊಳೆದುಕೊಳ್ಳಲು ಬರೆಯುತ್ತಿಲ್ಲ. ಮುಪ್ಪಿನಲ್ಲಿ ಕೂತು ದೇಶದ ಬಗ್ಗೆ, ಬದುಕಿನ ಬಗ್ಗೆ ಯೋಚಿಸುವುದು ಒಳ್ಳೆಯ ಕೆಲಸವೇ. ನನ್ನ ಜಗಳ ಇರುವುದು ಬೆಂಚಿನ ಬಗ್ಗೆ. ಅಲ್ಲಿ ಕೂರುವ ಪುರುಸೊತ್ತನ್ನು ಯಾರಿಗೆ ಕೊಟ್ಟರು, ಯಾರ ದುಡ್ಡಿನಲ್ಲಿ ಕೊಟ್ಟರು, ಕೂತ ಮೇಲೆ ಅವರು ಯಾರ ಮೇಲೆ ಉಗುಳುತ್ತಾರೆ, ಇಷ್ಟನ್ನು ಕೇಳಬೇಕಾಗಿದೆ.

ನಿವೃತ್ತಿ ಎಂಬ ಪದ ನಮ್ಮ ಕೇರಿಯ ಬಾಯಲ್ಲಿ ಇಲ್ಲ. ಕೈಲಾಗೋ ತನಕ ಗೇಯಿ, ಕೈಲಾಗದಾಗ ಮೂಲೆ ಹಿಡಿ. ಇದಿಷ್ಟೇ ನಮ್ಮ ಆಶ್ರಮ ಧರ್ಮ. ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸನ್ಯಾಸ ಎಂದು ನಾಲ್ಕು ಮೆಟ್ಟಿಲು ಕಟ್ಟಿದ ಧರ್ಮಶಾಸ್ತ್ರದವರು ಶೂದ್ರನಿಗೆ ಸನ್ಯಾಸದ ಅಧಿಕಾರವಿಲ್ಲ ಎಂದರು. ಪಂಚಮನ ಸುದ್ದಿಯನ್ನೇ ಎತ್ತಲಿಲ್ಲ. ದುಡಿಯುವವನು ದುಡಿಮೆ ಬಿಟ್ಟು ಕೂತರೆ ಕೂತುಣ್ಣುವವರ ಗತಿ ಏನಾಗಬೇಕು? ಈ ಪುರೋಹಿತಶಾಹಿ ಲೆಕ್ಕಾಚಾರ ಇವತ್ತಿಗೂ ಸರ್ಕಾರದ ಕಡತಗಳಲ್ಲಿ ಅಂಕಿಗಳಾಗಿ ಕೂತಿದೆ. ನೋಡಿ ಬೇಕಾದರೆ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದಾಗ ಕರ್ನಾಟಕ ಸರ್ಕಾರಿ ನೌಕರರ ಕನಿಷ್ಠ ಪಿಂಚಣಿ 8,500ರಿಂದ 13,500 ರೂಪಾಯಿಗೆ ಏರಿತು. ಏರಲಿ, ಅದು ಸರಿಯಾದದ್ದೇ. ಆದರೆ ಪೀಣ್ಯದ ಶೆಡ್ಡುಗಳಲ್ಲಿ, ಸಾರಿಗೆ ನಿಗಮದ ಬಸ್ಸುಗಳಲ್ಲಿ, ಖಾಸಗಿ ಕಂಪನಿಗಳಲ್ಲಿ ಬೆನ್ನು ಬಾಗಿಸಿದವರಿಗೆ 1995ರ ಭವಿಷ್ಯನಿಧಿ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಎಂದು ಗೊತ್ತುಮಾಡಿದ್ದು ತಿಂಗಳಿಗೆ 1,000 ರೂಪಾಯಿ. ಅದೂ 2014ರಲ್ಲಿ. ಹತ್ತು ವರ್ಷ ಕಳೆದರೂ ಅದು ಒಂದು ಕಾಸು ಮೇಲೇಳಲಿಲ್ಲ. ಕನಿಷ್ಠ 7,500 ಮಾಡಿ ಎಂದು ಆ ವೃದ್ಧರು ಊರೂರಲ್ಲಿ ಧರಣಿ ಕೂತರು. ಇನ್ನು ಯಾವ ಕಂಪನಿಯ ಹಾಜರಿ ಪುಸ್ತಕದಲ್ಲೂ ಹೆಸರಿಲ್ಲದವರು ಇದ್ದಾರಲ್ಲ, ಹೊಲದವರು, ಗಾರೆ ಕೆಲಸದವರು, ಮನೆಗೆಲಸದವರು, ಅವರಿಗೆ ರಾಜ್ಯದ ಸಂಧ್ಯಾ ಸುರಕ್ಷಾದಲ್ಲಿ 1,200 ರೂಪಾಯಿ, ಅದೂ ಅರವತ್ತೈದು ತುಂಬಿದ ಮೇಲೆ. ದೆಹಲಿಯ ಪಾಲು ಕೇಳಬೇಡಿ. ಅರವತ್ತರಿಂದ ಎಪ್ಪತ್ತೊಂಬತ್ತರವರೆಗಿನ ಬಡ ಮುದುಕರಿಗೆ ಕೇಂದ್ರ ಸರ್ಕಾರ ಕೊಡುವ ತಿಂಗಳ 200 ರೂಪಾಯಿ 2007ರಿಂದ ಹದಿನೈದು ವರ್ಷಕ್ಕೂ ಮಿಕ್ಕಿ ಅಲ್ಲೇ ಬಿದ್ದಿತ್ತು. ಇನ್ನೂರು ರೂಪಾಯಿಗೆ ಲೇಔಟಿನ ದರ್ಶಿನಿಯಲ್ಲಿ ಎಷ್ಟು ಇಡ್ಲಿ ಬರುತ್ತದೆ, ನೀವೇ ಎಣಿಸಿ. ಸಂವಿಧಾನದ 41ನೇ ವಿಧಿ ಮುಪ್ಪಿನಲ್ಲಿ ಪ್ರಭುತ್ವದ ನೆರವು ಸಿಗುವಂತೆ ವ್ಯವಸ್ಥೆ ಮಾಡಬೇಕು ಎನ್ನುತ್ತದೆ. ಪ್ರಭುತ್ವದ ಶಕ್ತಿಯ ಮಿತಿಯಲ್ಲಿ ಎಂದು ಒಂದು ಬಾಲವನ್ನೂ ಅಂಟಿಸಿದೆ. ಆ ಬಾಲ ನಮ್ಮವರ ಹತ್ತಿರ ಬಂದಾಗ ಮಾತ್ರ ಉದ್ದವಾಗುತ್ತದೆ.

ಯಜಮಾನರು ಈಗ ಕೇಳುತ್ತಾರೆ: "ನಾವು ಮೂವತ್ತು ಮೂವತ್ತೈದು ವರ್ಷ ಸೇವೆ ಮಾಡಿದ್ದೀವಪ್ಪ. ನಮ್ಮದು ಭಿಕ್ಷೆಯಾ?" ಖಂಡಿತ ಅಲ್ಲ. ಪಿಂಚಣಿ ದಾನವಲ್ಲ, ದೊರೆಯ ಕೃಪೆಯಲ್ಲ, ದುಡಿದವನ ಹಕ್ಕು ಎಂದು ಸುಪ್ರೀಂ ಕೋರ್ಟು 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಹೇಳಿತು. 1979ರ ಮಾರ್ಚ್ 31ಕ್ಕೆ ಮೊದಲು ನಿವೃತ್ತರಾದವರಿಗೆ ಒಂದು ಲೆಕ್ಕ, ಆಮೇಲಿನವರಿಗೆ ಇನ್ನೊಂದು ಲೆಕ್ಕ ಮಾಡಿದ್ದು ಸಮಾನತೆಗೆ ವಿರುದ್ಧ ಎಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತೀರ್ಮಾನಿಸಿತು. ಅದಕ್ಕೇ ನೀವು ಪ್ರತಿ ಡಿಸೆಂಬರ್ 17ಕ್ಕೆ ಪಿಂಚಣಿದಾರರ ದಿನ ಅಂತ ಶಾಲು ಹೊದ್ದು ಸಭೆ ಮಾಡುತ್ತೀರಿ. ಆದರೆ ಆ ತೀರ್ಪನ್ನು ಒಮ್ಮೆ ಪೂರ್ತಿ ಓದಿ ಯಜಮಾನರೇ. ನ್ಯಾಯಮೂರ್ತಿ ಡಿ.ಎ. ದೇಸಾಯಿ ಅದನ್ನು ಬರೆಯುವಾಗ ಸಂವಿಧಾನದ ಪೀಠಿಕೆಯ ಒಂದು ಪದಕ್ಕೆ ಕೈಚಾಚಿದರು. ಸಮಾಜವಾದಿ ಎಂಬ ಪದಕ್ಕೆ. ದುಡಿಯುವ ಜನಕ್ಕೆ ತೊಟ್ಟಿಲಿನಿಂದ ಚಟ್ಟದವರೆಗೆ ಭದ್ರತೆ ಕೊಡುವುದು ಸಮಾಜವಾದಿ ರಾಜ್ಯದ ಗುರಿ ಎಂಬ ಅರ್ಥದ ಮಾತು ಅಲ್ಲಿದೆ. 1976ರ 42ನೇ ತಿದ್ದುಪಡಿಯಲ್ಲಿ ಪೀಠಿಕೆ ಸೇರಿದ ಆ ಪದವನ್ನು ಕಿತ್ತುಹಾಕಬೇಕು ಎಂದು ಇವತ್ತು ಅರಚುವವರ ಸಂದೇಶಗಳು ನಿಮ್ಮ ಫೋನಿನಿಂದಲೇ ಹತ್ತು ಕಡೆಗೆ ಹೋಗುತ್ತವೆ. ಕೀಳಬೇಕೆಂದು ಹಾಕಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ವಜಾ ಮಾಡಿತು. ಮಾಡದಿದ್ದಿದ್ದರೆ? ಕೂತ ಕೊಂಬೆಯನ್ನೇ ಕಡಿಯುವುದು ಅಂತ ನಮ್ಮೂರ ಕಡೆ ಅನ್ನುತ್ತಾರೆ. ನೀವು ಕಡಿಯುತ್ತಿರುವುದು ನಿಮ್ಮ ಕೊಂಬೆಯನ್ನಷ್ಟೇ ಅಲ್ಲ, ಇನ್ನೂ ಮರದ ಬುಡವನ್ನೇ ಮುಟ್ಟದವರ ಏಣಿಯನ್ನೂ.

ನಿಮ್ಮ ಮಕ್ಕಳನ್ನು ಕೇಳಿ. 2004ರ ಜನವರಿ 1ರ ನಂತರ ಕೇಂದ್ರದ ನೌಕರಿಗೆ, 2006ರ ಏಪ್ರಿಲ್ 1ರ ನಂತರ ರಾಜ್ಯದ ನೌಕರಿಗೆ ಸೇರಿದವರಿಗೆ ನಿಮ್ಮ ಪಿಂಚಣಿ ಇಲ್ಲ. ಅವರ ಮುಪ್ಪನ್ನು ಷೇರು ಪೇಟೆಗೆ ಕಟ್ಟಿದ್ದಾರೆ. ಇದನ್ನು ಓದುತ್ತಿರುವ ಹಳ್ಳಿಯ ಮೇಷ್ಟರುಗಳಿಗೆ ನಾನು ಹೇಳಿಕೊಡಬೇಕಿಲ್ಲ. 2022ರ ಡಿಸೆಂಬರಿನಲ್ಲಿ ಫ್ರೀಡಂ ಪಾರ್ಕಿನ ಚಳಿಯಲ್ಲಿ ಮಲಗಿದ್ದವರು ನೀವೇ. ಅಂದಹಾಗೆ ನಿಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದ ಹೆಂಗಸನ್ನು ಅರವತ್ತು ತುಂಬಿತೆಂದು ಮನೆಗೆ ಕಳಿಸಿದಾಗ ಅವಳ ಕೈಯಲ್ಲಿ ಏನಿತ್ತು ಎಂದು ನೋಡಿದಿರಾ? ಹಳೆ ಪಿಂಚಣಿಯ ಬ್ಯಾನರಿನಲ್ಲಿ ಅವಳ ಹೆಸರೂ ಇರಬೇಕಾಗಿತ್ತು. ಇದು ಜಗಳವಲ್ಲ, ನೆನಪಿಸಿದೆ ಅಷ್ಟೆ.

ಎಮರ್ಜೆನ್ಸಿ ಅಂದರೆ ಬೆಂಚಿನ ಮೇಲಿರುವ ಮುಖಗಳು ಅರಳುತ್ತವೆ. "ಶಿಸ್ತು ಅಂದ್ರೆ ಅದು ಕಣ್ರಿ. ರೈಲು ಸರಿಯಾದ ಟೈಮಿಗೆ ಬರ್ತಿತ್ತು. ಹತ್ತು ಗಂಟೆಗೆ ಎಲ್ಲಾರೂ ಸೀಟಲ್ಲಿ." ಅವತ್ತಿನ ಪಕ್ಷವನ್ನು ಬೈಯುತ್ತಲೇ ಅವತ್ತಿನ ಲಾಠಿಯನ್ನು ಮೆಚ್ಚುವ ಈ ಮಧ್ಯಮ ವರ್ಗದ ಮನಸ್ಸನ್ನು ಬಿಡಿಸಿ ನೋಡಬೇಕು. ಬೆಂಗಳೂರಿಗೆ ಎಮರ್ಜೆನ್ಸಿ ದೂರದ ಸುದ್ದಿಯಾಗಿರಲಿಲ್ಲ. 1975ರ ಜೂನ್ 26ರಂದು ವಾಜಪೇಯಿ, ಅಡ್ವಾಣಿ ಬಂಧನವಾದದ್ದು ಇದೇ ಊರಿನಲ್ಲಿ. ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಲ್ಲಿ ಉಸಿರು ಸಿಗದೆ ನರಳಿದ್ದು ಇದೇ ಊರಿನ ಸೆಂಟ್ರಲ್ ಜೈಲಿನಲ್ಲಿ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡರು. ರೈಲು ಟೈಮಿಗೆ ಬಂದಿತ್ತೋ ಏನೋ, ಆಕೆಗೆ ಬೇಕಾದ ಉಸಿರು ಬರಲಿಲ್ಲ. ಆ ಜೈಲೇ ಈಗ ಫ್ರೀಡಂ ಪಾರ್ಕು. 2021ರ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಧರಣಿ ಕೂರಬೇಕೆಂದರೆ ಅಲ್ಲೇ ಹೋಗಿ ಕೂರಬೇಕು. ಅಂದರೆ ಪ್ರಜಾಪ್ರಭುತ್ವವನ್ನು ಜೈಲಿನ ಕಾಂಪೌಂಡಿನೊಳಗೆ ಬಿಟ್ಟು ಹೊರಗೆ ಟ್ರಾಫಿಕ್ಕು ಸುಗಮ ಮಾಡಿಕೊಂಡಿದ್ದೇವೆ. ಇದೂ ಶಿಸ್ತೇ.

ಒಂದು ಮಾತು. ಜೀತ ಪದ್ಧತಿಯನ್ನು ರದ್ದು ಮಾಡಿದ 1976ರ ಕಾನೂನು ಬಂದದ್ದೂ ಎಮರ್ಜೆನ್ಸಿಯ ಕಾಲದಲ್ಲೇ. ನಮ್ಮ ತಾತ ಗೌಡರ ಮನೆಯ ಜೀತದಾಳು. ಆ ಕಾರಣಕ್ಕೆ ಯಾರಾದರೂ ಆ ದಿನಗಳನ್ನು ನೆನೆದರೆ ನಾನೂ ಕೂತು ಕೇಳುತ್ತಿದ್ದೆ, ಆಮೇಲೆ ತಕರಾರು ತೆಗೆಯುತ್ತಿದ್ದೆ. ಬೆಂಚಿನ ಮೇಲೆ ಒಬ್ಬರೂ ಜೀತದ ಮಾತು ತೆಗೆದದ್ದನ್ನು ನಾನು ಕೇಳಿಲ್ಲ. ಅವರಿಗೆ ಬೇಕಿರುವುದು ರೈಲಿನ ಟೈಮು.

ಇವತ್ತು ನಿಮಗೆ ಎಪ್ಪತ್ತೆರಡು ಎಪ್ಪತ್ತಮೂರಾದರೆ 1973ರಲ್ಲಿ ನಿಮಗೆ ಇಪ್ಪತ್ತು. ಈಗ ನನಗಿರುವುದಕ್ಕಿಂತ ಸಣ್ಣ ವಯಸ್ಸು. ದೇವರಾಜ ಅರಸರ ಮಂತ್ರಿ ಬಿ. ಬಸವಲಿಂಗಪ್ಪ ಆ ವರ್ಷ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಬೀದಿಗಿಳಿದು ದಲಿತ ವಿದ್ಯಾರ್ಥಿಗಳನ್ನು ಅಟ್ಟಾಡಿಸಿದವರು ಯಾರು? ಈಗ ಎಪ್ಪತ್ತು ದಾಟಿರುವ ಅಂದಿನ ಹುಡುಗರು. ಮಲ ಹೊರುವ ಬುಟ್ಟಿಯನ್ನು ನಮ್ಮ ಜನರ ತಲೆಯಿಂದ ಇಳಿಸಲು ಹೊರಟ ಮಂತ್ರಿ ರಾಜೀನಾಮೆ ಕೊಡುವವರೆಗೆ ಗದ್ದಲ ನಿಲ್ಲಲಿಲ್ಲ. ಬುಟ್ಟಿ ಇಳಿಸಿದ್ದಕ್ಕೆ ಯಾರೂ ಮೆರವಣಿಗೆ ಮಾಡಲಿಲ್ಲ, ಬೂಸಾ ಅಂದಿದ್ದಕ್ಕೆ ಊರೇ ಹೊತ್ತಿ ಉರಿಯಿತು. ಆ ಬೆಂಕಿಯಲ್ಲಿ ನಮ್ಮ ಚಳವಳಿ ಹುಟ್ಟಿತು ಅನ್ನೋದು ಬೇರೆ ಮಾತು. "ನಮ್ಮ ಕಾಲದಲ್ಲಿ ಜಾತಿಗೀತಿ ಯಾರು ನೋಡ್ತಿದ್ರು ಹೇಳಿ" ಎಂದು ಮೊನ್ನೆ ಒಬ್ಬರು ನಗುತ್ತಾ ಕೇಳಿದರು. ನೋಡುವ ಅಗತ್ಯ ನಿಮಗೆ ಬೀಳಲಿಲ್ಲ ಯಜಮಾನರೇ. ಕಾಲಲ್ಲಿ ಮುಳ್ಳು ಚುಚ್ಚಿದವನು ತಾನೇ ನೆಲ ನೋಡಿ ನಡೆಯೋದು.

ಜಾತಿ ಎಲ್ಲಿದೆ ಅಂದರೆ ಕಾಂಪೌಂಡ್ ಗೋಡೆಯ ಮೇಲಿದೆ. ನಮ್ಮವ್ವನಿಗೆ ಕಾಫಿ ಬರುತ್ತಿದ್ದುದು ಅಲ್ಲಿಗೆ, ಪ್ಲಾಸ್ಟಿಕ್ ಲೋಟದಲ್ಲಿ. ಮನೆಯವರು ಕೆಟ್ಟವರಲ್ಲ. ಹಬ್ಬಕ್ಕೆ ಸೀರೆಯನ್ನೂ ಕೊಟ್ಟಿದ್ದಾರೆ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಸ್ಟೀಲ್ ಲೋಟ ಗೇಟು ದಾಟಿ ಬರಲಿಲ್ಲ. ನನಗೆ ಕೆಲಸ ಸಿಕ್ಕಿ ಇದೇ ಲೇಔಟಿನಲ್ಲಿ ಬಾಡಿಗೆ ಮನೆ ಹುಡುಕಿದಾಗ ಒಬ್ಬ ಮಾಲೀಕರು ನನ್ನ ಎಂ.ಎ. ಕೇಳಿ ಖುಷಿಪಟ್ಟರು, ಕವಿತೆ ಬರೀತೀನಿ ಅಂದಾಗ ಇನ್ನೂ ಖುಷಿಪಟ್ಟರು, ಕೊನೆಗೆ ಮೆಲ್ಲಗೆ "ತಪ್ಪು ತಿಳ್ಕೋಬೇಡಿ, ನೀವು ಯಾವ ಜನ?" ಎಂದರು. ಹೇಳಿದೆ. ಮನೆಗೆ ಸುಣ್ಣಬಣ್ಣ ಮಾಡಿಸಬೇಕು ಅನ್ನೋದು ಅವರಿಗೆ ಆಗ ನೆನಪಾಯಿತು.

ಮೀಸಲಾತಿಯಿಂದ ದೇಶ ಕೆಟ್ಟಿತು ಅನ್ನುವ ಇದೇ ನಾಲಿಗೆಗಳು 2019ರ ಜನವರಿಯಲ್ಲಿ 103ನೇ ತಿದ್ದುಪಡಿ ಬಂದಾಗ ಏಕೆ ಸುಮ್ಮನಾದವು? ಮೇಲ್ಜಾತಿಯ ಬಡವರಿಗೆ ಶೇ. 10. ಬಡವ ಅಂದರೆ ಯಾರು? ವರ್ಷಕ್ಕೆ 8 ಲಕ್ಷ ರೂಪಾಯಿಯೊಳಗೆ ಆದಾಯ ಇರುವವನು. ನಮ್ಮ ಹುಡುಗ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಕೇಳಿದರೆ ಅವನಪ್ಪನ ಆದಾಯ 2.5 ಲಕ್ಷ ದಾಟಿರಬಾರದು. ಬಡತನಕ್ಕೂ ಮಡಿ ಮೈಲಿಗೆಯ ಎರಡು ಅಳತೆಗೋಲು. ಇದನ್ನು ಐವರಲ್ಲಿ ಮೂವರು ನ್ಯಾಯಮೂರ್ತಿಗಳು 2022ರ ನವೆಂಬರಿನಲ್ಲಿ ಸರಿ ಅಂದರು. ಅರ್ಹತೆಯ ಅಂತ್ಯಕ್ರಿಯೆ ಆಯಿತೆಂದು ಅವತ್ತು ಪಾರ್ಕಿನಲ್ಲಿ ಯಾರೂ ಎದೆ ಬಡಿದುಕೊಳ್ಳಲಿಲ್ಲ.

ಬಿಟ್ಟಿ ಭಾಗ್ಯಗಳ ವಿಷಯಕ್ಕೆ ಬರುತ್ತೇನೆ. 2023ರ ಜೂನಿನಿಂದ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಓಡಾಡುತ್ತಾರೆ, ಆಗಸ್ಟಿನಿಂದ ಮನೆಯ ಒಡತಿಗೆ ತಿಂಗಳಿಗೆ 2,000 ರೂಪಾಯಿ. ಇದರಿಂದ ಖಜಾನೆ ಬರಿದಾಯಿತು, ಜನ ಸೋಮಾರಿಗಳಾದರು ಅಂತ ಕೂಗು. ಗೃಹಜ್ಯೋತಿಯ 200 ಯೂನಿಟ್ಟಿಗೆ ಆದಾಯದ ಮಿತಿ ಇಲ್ಲ. ಮಹಾಲಕ್ಷ್ಮಿ ಲೇಔಟಿನ ಎಷ್ಟು ಮೂರಂತಸ್ತಿನ ಮನೆಗಳಿಗೆ ಸೊನ್ನೆ ಬಿಲ್ಲು ಬರುತ್ತಿದೆ, ಮೀಟರ್ ಓದುವ ಹುಡುಗನನ್ನು ಕೇಳಿ. ಆ ಬಿಲ್ಲು ಹಿಡಿದು ಯಾರಾದರೂ ಸೋಮಾರಿಗಳಾದರೇ? 2020ರ ಮಾರ್ಚಿನಲ್ಲಿ ರೈಲ್ವೆಯವರು ಹಿರಿಯ ನಾಗರಿಕರ ಟಿಕೆಟ್ ರಿಯಾಯಿತಿ ಕಿತ್ತುಕೊಂಡಾಗ ಅದು ಅನ್ಯಾಯ ಅಂದಿರಿ. ಹೌದು, ಅನ್ಯಾಯವೇ. ಗಂಡಸರಿಗೆ ಶೇ. 40, ಹೆಂಗಸರಿಗೆ ಶೇ. 50 ಇತ್ತು, ವಾಪಸು ಕೊಡಲಿ. ಆದರೆ ನಿಮ್ಮ ಟಿಕೆಟ್ಟಿನ ರಿಯಾಯಿತಿ ಗೌರವ, ಲಗ್ಗೆರೆಯಿಂದ ಗಾರ್ಮೆಂಟಿಗೆ ಹೋಗುವ ಹುಡುಗಿಯ ಟಿಕೆಟ್ಟು ಬಿಟ್ಟಿ, ಇದು ಯಾವ ವ್ಯಾಕರಣ? ಇನ್ನೂ ಹಿಂದಕ್ಕೆ ಹೋಗೋಣ. ಕುರುಬರಹಳ್ಳಿ, ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ. ಹೆಸರಿನ ಕೊನೆಯಲ್ಲಿ ಹಳ್ಳಿ ಇನ್ನೂ ಅಂಟಿಕೊಂಡಿದೆ, ಹೊಲ ಹೋಗಿದೆ. 1945ರಲ್ಲಿ ಹುಟ್ಟಿದ ಸಿಐಟಿಬಿ, 1976ರಲ್ಲಿ ಅದರ ಜಾಗಕ್ಕೆ ಬಂದ ಬಿಡಿಎ ಇಂಥ ಹಳ್ಳಿಗಳ ನೆಲವನ್ನು ವಶಪಡಿಸಿಕೊಂಡು ಸೈಟು ಮಾಡಿ ಹಂಚಿದವು. ಆ ದರದಲ್ಲಿ ಇವತ್ತು ಒಂದು ಬಾತ್‌ರೂಮಿನ ಟೈಲ್ಸೂ ಬರುವುದಿಲ್ಲ. ಈ ನಗರದಲ್ಲಿ ಹಂಚಿದ ಅತಿ ದೊಡ್ಡ ಭಾಗ್ಯ ಅದು. ಹೊಲದಲ್ಲಿ ಕೂಲಿ ಮಾಡುತ್ತಿದ್ದ ಹೊಲೆಯ ಮಾದಿಗರಿಗೆ ಪರಿಹಾರವೂ ಇಲ್ಲ, ಸೈಟೂ ಇಲ್ಲ. ಅವರದಲ್ಲದ ನೆಲಕ್ಕೆ ಯಾವ ಪರಿಹಾರ?

ಬೆಂಚಿನಲ್ಲಿ ಎಲ್ಲರೂ ಒಂದೇ ಎಂದು ನಾನು ತಿಳಿದಿಲ್ಲ. ಎಚ್‌ಎಂಟಿ, ಐಟಿಐ, ಎನ್‌ಜಿಇಎಫ್‌ಗಳಲ್ಲಿ ದುಡಿದವರೂ ಈ ಕಡೆಯ ಬಡಾವಣೆಗಳಲ್ಲಿದ್ದಾರೆ. 1980ರ ಡಿಸೆಂಬರ್ 26ರಿಂದ 77 ದಿನ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಲಕ್ಷಾಂತರ ಕಾರ್ಮಿಕರು ಬಿಎಚ್‌ಇಎಲ್‌ಗೆ ಸಮನಾದ ಸಂಬಳ ಕೇಳಿ ಕೆಲಸ ನಿಲ್ಲಿಸಿದರು. ನಮ್ಮ ಜನರ ಮೊದಲ ಖಾಯಂ ನೌಕರಿಗಳು, ಮೊದಲ ಪ್ಯಾಂಟು, ಮೊದಲ ಗೋಡೆ ಗಡಿಯಾರ ಬಂದದ್ದು ಆ ಕಾರ್ಖಾನೆಗಳಿಂದ. ಎನ್‌ಜಿಇಎಫ್ ಮುಚ್ಚಿತು. ಎಚ್‌ಎಂಟಿ ವಾಚು ಕಂಪನಿ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಕಿರ್ಲೋಸ್ಕರ್ ಎಲೆಕ್ಟ್ರಿಕ್‌ನ ನೆಲದ ಮೇಲೆ ಈಗ ಓರಿಯನ್ ಮಾಲ್ ಇದೆ. ಕಾರ್ಖಾನೆ ಹೋದರೆ ಅದರ ಜೊತೆ ಮೀಸಲಾತಿಯೂ, ಯೂನಿಯನ್ನೂ, ನಿವೃತ್ತಿಯೂ ಹೋಗುತ್ತದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 77 ದಿನ ಹಸಿದವರು ನೀವು. ಹಾಗಿದ್ದೂ 2022ರ ಜುಲೈ ಮೊದಲ ವಾರ ಪೌರಕಾರ್ಮಿಕರು ಖಾಯಮಾತಿಗಾಗಿ ಪೊರಕೆ ಕೆಳಗಿಟ್ಟಾಗ "ನಾಲ್ಕು ದಿನಕ್ಕೇ ಎಷ್ಟು ವಾಸನೆ ನೋಡಿ" ಎಂದು ಮೂಗು ಮುಚ್ಚಿಕೊಂಡವರಲ್ಲಿ ನೀವೂ ಇದ್ದಿರಿ. ಆ ವಾಸನೆ ನಿಮ್ಮ ಮನೆಯದೇ ಕಸದ್ದು.

ದೆಹಲಿಯಲ್ಲಿ ಯಾರು ಗೆಲ್ಲಬೇಕೆಂದು ದಿನಾ ತೀರ್ಪು ಕೊಡುವ ಈ ಬೆಂಚಿಗೆ ತನ್ನದೇ ವಾರ್ಡು ಕಾಣುವುದಿಲ್ಲ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳು ಊರು ಆಳಿದರು. 2017ರ ಅಕ್ಟೋಬರ್ ಮಳೆಯಲ್ಲಿ ಕುರುಬರಹಳ್ಳಿಯ ಸುತ್ತ ಐದು ಜೀವ ಹೋದವು. ರಾಜಕಾಲುವೆಗೆ ಜಾತಿ ಗೊತ್ತಿಲ್ಲ, ಅರ್ಚಕರನ್ನೂ ಎಳೆದೊಯ್ದಿತು. ಪಾರ್ಕಿನ ಸುದ್ದಿಯನ್ನೇ ತೆಗೆದುಕೊಳ್ಳಿ. 2024ರವರೆಗೆ ನಗರದ ಪಾರ್ಕುಗಳು ಬೆಳಿಗ್ಗೆ 10ಕ್ಕೆ ಮುಚ್ಚಿ ಮಧ್ಯಾಹ್ನ 1.30ಕ್ಕೆ ತೆರೆಯುತ್ತಿದ್ದವು. ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ಬೀಗ. ನಸುಕಿನಿಂದ ಗುಡಿಸಿದವಳು ಮರದ ನೆರಳಿಗೆ ಬರುವ ಹೊತ್ತು ಅದು. ಅದನ್ನು ಯಾರೂ ರಾಷ್ಟ್ರೀಯ ಸಮಸ್ಯೆ ಅನ್ನಲಿಲ್ಲ.

ಅವ್ವನಿಗೂ ರಾಷ್ಟ್ರ ರಾಜಕಾರಣದ ಬಗ್ಗೆ ಅನಿಸಿಕೆಗಳಿವೆ. ನೋಟು ರದ್ದಾದ 2016ರ ನವೆಂಬರಿನಲ್ಲಿ ಸೀರೆ ಮಡಿಕೆಯಲ್ಲಿದ್ದ ನಾಲ್ಕು ಐನೂರರ ನೋಟಿಗೆ ಎರಡು ದಿನದ ಕೂಲಿ ಬಿಟ್ಟು ಸಾಲಿನಲ್ಲಿ ನಿಂತಳು. "ಕಪ್ಪು ದುಡ್ಡು ಅಂದ್ರಲ್ಲಾ ಮಗಾ, ನಂದು ಬೆವರಲ್ಲಿ ನೆಂದು ಕಪ್ಪಾಗಿತ್ತು ಅಷ್ಟೇಯ" ಎಂದಳು. 2020ರ ಮಾರ್ಚ್ 22ರ ಸಂಜೆ ಐದಕ್ಕೆ ಲೇಔಟಿನವರು ಮಹಡಿ ಮೇಲೆ ನಿಂತು ತಟ್ಟೆ ಬಡಿದರು. ಮರುದಿನ ಬೆಳಿಗ್ಗೆ ಮಾಸ್ಕಿಲ್ಲದೆ, ಕೈಗವಸಿಲ್ಲದೆ ಕಸ ಬಾಚಲು ಹೋದವಳಿಗೆ ಗೇಟಿನೊಳಗಿಂದ "ದೂರ ನಿಲ್ಲಮ್ಮ" ಎಂದರು. "ಇವ್ರು ಈಗ ಕಲ್ತವ್ರಾ ದೂರ ನಿಲ್ಸೋದ್ನ?" ಅಂತ ಬಂದು ನಕ್ಕಳು. ಮುಟ್ಟಾಳತನಕ್ಕೂ ಮುಟ್ಟಬೇಡಿಕೆಗೂ ವ್ಯತ್ಯಾಸ ಗೊತ್ತಿದ್ದವಳ ನಗು ಅದು.

ಅರವತ್ತು ತುಂಬಿದ ವಾರ ಮೇಸ್ತ್ರಿ ಬಂದು "ನಾಳೆಯಿಂದ ಬರಬೇಡ" ಎಂದ. ಹಾರವಿಲ್ಲ, ಶಾಲಿಲ್ಲ, ಗ್ರೂಪ್ ಫೋಟೋ ಇಲ್ಲ. ಗುತ್ತಿಗೆದಾರನ ಕಾಲದಲ್ಲಿ ಸಂಬಳದಿಂದ ಹಿಡಿದಿದ್ದ ಪಿಎಫ್ ದುಡ್ಡು ಎಲ್ಲಿ ಅಂತ ಕೇಳಿದರೆ ಆ ಗುತ್ತಿಗೆದಾರನೇ ಇಲ್ಲ. 2025ರ ಮೇ 1ರಂದು ಬೆಂಗಳೂರಿನ 12,000ಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಖಾಯಂ ನೇಮಕಾತಿ ಪತ್ರ ಕೊಟ್ಟರು. ದಶಕಗಳ ಹೋರಾಟದ ಫಲ ಅದು. 1976ರ ಐ.ಪಿ.ಡಿ. ಸಾಲಪ್ಪ ವರದಿಯಿಂದ ಎಣಿಸಿದರೆ ಅರ್ಧ ಶತಮಾನ. ಅವ್ವ ಟಿವಿಯಲ್ಲಿ ನೋಡಿದಳು. ಅವಳ ಜೊತೆ ಗುಡಿಸಿದವರಲ್ಲಿ ಎಷ್ಟೋ ಜನಕ್ಕೆ ಆ ಹೊತ್ತಿಗೆ ವಯಸ್ಸು ದಾಟಿತ್ತು, ಕೆಲವರು ತೀರಿಕೊಂಡಿದ್ದರು. ಈಗ ಸಂಧ್ಯಾ ಸುರಕ್ಷಾಕ್ಕೆ ಅರವತ್ತೈದು ಆಗಲಿ ಎಂದು ಕಾಯುತ್ತಿದ್ದಾಳೆ. ಆಧಾರ್ ಯಂತ್ರದಲ್ಲಿ ಹೆಬ್ಬೆಟ್ಟು ಹತ್ತುವುದಿಲ್ಲ, ಪೊರಕೆ ಕಡ್ಡಿ ಗೆರೆಗಳನ್ನೆಲ್ಲ ತಿಂದಿದೆ. ಯಜಮಾನರು ನವೆಂಬರಿನಲ್ಲಿ ಒಂದು ಸಲ ಬ್ಯಾಂಕಿಗೆ ಹೋಗಿ ತಾವು ಬದುಕಿದ್ದೇವೆ ಎಂದು ರುಜುವಾತು ಮಾಡಿದರೆ ಸಾಕು.

ಈ ಡಿಸೆಂಬರ್ 17ಕ್ಕೂ ನಿಮ್ಮ ಸಭೆ ಇರುತ್ತದೆ. ನಿಮ್ಮ ಬೀದಿ ಗುಡಿಸಿ ಮುದುಕಿಯರಾದವರನ್ನು, ಇಪಿಎಸ್‌ನ ಸಾವಿರ ರೂಪಾಯಿಯವರನ್ನು, ನಿಮ್ಮ ಮನೆಯ ಮುಸುರೆ ತಿಕ್ಕುವವಳನ್ನು ಕರೆಯಿರಿ. ನಕಾರಾ ತೀರ್ಪಿನಲ್ಲಿ ನಿಮಗೆ ಸಿಕ್ಕಿದ್ದು ಅವರಿಗೂ ಸಿಗಬೇಕೆಂದು ಒಂದು ಗೊತ್ತುವಳಿ ಮಾಡಿ ವಿಧಾನಸೌಧಕ್ಕೆ ಕಳಿಸಿ. ಕುರ್ಚಿ ಹಾಕಿಸಿ, ಹಿಂದಿನ ಸಾಲಿನಲ್ಲಿ ಬೇಡ. ಕಾಫಿ ಸ್ಟೀಲ್ ಲೋಟದಲ್ಲಿ ಬರಲಿ. ನಮ್ಮವ್ವ ಮೈಕು ಹಿಡಿದರೆ ಗ್ಯಾಸಿನ ರೇಟಿನಿಂದ ಶುರುಮಾಡುತ್ತಾಳೆ, ಮುಗಿಸಲು ಹೊತ್ತಾಗುತ್ತದೆ. ಮಧ್ಯೆ ಎದ್ದು ಹೋಗಬೇಡಿ.